‘ನಿವ್ವಳ ಶೂನ್ಯ’ ಬಡಾವಣೆಯ ಲಕ್ಷಣವೂ ವಿದ್ಯುದ್ವಾಹನವೂ

೧

ಶಾಸ್ತ್ರವೊಂದರಲ್ಲಿ ಹುಟ್ಟಿದ ಪದವು ಲೋಕದ ಬಳಕೆಗೆ ಇಳಿದಾಗ ಅದರ ಅರ್ಥವು ಸ್ವಲ್ಪಮಟ್ಟಿಗೆ ಸಡಿಲವಾಗುವುದು ಸಹಜವೇ ಸರಿ. ಆದರೆ ಆ ಪದದ ಬಲದಿಂದ ಮನೆಗಳು ಮಾರಾಟವಾಗುವುದೂ, ನಿಯಮಗಳು ರಚಿತವಾಗುವುದೂ, ದೇಶಗಳು ಲೋಕದ ಮುಂದೆ ವಾಗ್ದಾನ ಮಾಡುವುದೂ ಮೊದಲಾದರೆ, ಆ ಸಡಿಲಿಕೆಯನ್ನು ಉಪೇಕ್ಷಿಸುವುದು ತರವಲ್ಲ. ‘ನಿವ್ವಳ ಶೂನ್ಯ’ ಎಂಬುದು ಈಗ ಅಂತಹ ಪದವಾಗಿದೆ. ೨೦೨೧ನೆಯ ನವೆಂಬರಿನಲ್ಲಿ ಗ್ಲಾಸ್ಗೋ ನಗರದ ಹವಾಮಾನ ಸಮ್ಮೇಳನದಲ್ಲಿ ಭಾರತವು ೨೦೭೦ನೆಯ ಇಸವಿಯೊಳಗಾಗಿ ನಿವ್ವಳ ಶೂನ್ಯವನ್ನು ಮುಟ್ಟುವೆನೆಂದು ಸಾರಿತು. ಅಲ್ಲಿ ಹೇಳಿದುದು ದೇಶವು ವಾತಾವರಣಕ್ಕೆ ಬಿಡುವ ಅನಿಲಗಳ ಲೆಕ್ಕ. ಪ್ರಕೃತ ಲೇಖನದ ವಿಷಯವು ಅದಕ್ಕಿಂತ ಕಿರಿದಾದುದು: ‘ನಿವ್ವಳ ಶೂನ್ಯ ಶಕ್ತಿಯ ಬಡಾವಣೆ’ ಎಂಬುದರ ಲಕ್ಷಣ.

ಸ್ಥೂಲವಾಗಿ ಹೇಳುವುದಾದರೆ, ತಾನು ಒಂದು ವರ್ಷದಲ್ಲಿ ವೆಚ್ಚ ಮಾಡುವಷ್ಟು ಶಕ್ತಿಯನ್ನು ತನ್ನ ಎಲ್ಲೆಯೊಳಗೇ ಬಿಸಿಲು ಮೊದಲಾದ ಬತ್ತದ ಮೂಲಗಳಿಂದ ಉತ್ಪಾದಿಸಿಕೊಳ್ಳುವ ಬಡಾವಣೆಗೆ ಈ ಹೆಸರು ಸಲ್ಲುತ್ತದೆ. ಹಗಲಿನಲ್ಲಿ ಮಿಕ್ಕ ವಿದ್ಯುತ್ತನ್ನು ಅದು ಊರಿನ ವಿದ್ಯುಜ್ಜಾಲಕ್ಕೆ ಕೊಡುತ್ತದೆ. ರಾತ್ರಿ ಬೇಕಾದುದನ್ನು ಅಲ್ಲಿಂದಲೇ ತಂದುಕೊಳ್ಳುತ್ತದೆ. ವರ್ಷಾಂತ್ಯದಲ್ಲಿ ತಂದುದರಿಂದ ಕೊಟ್ಟುದನ್ನು ಕಳೆದರೆ ಸೊನ್ನೆ ಉಳಿಯಬೇಕು. ಈ ಲಕ್ಷಣವನ್ನು ರಚಿಸಿದವರು ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಕಟ್ಟಡವು ಇದ್ದಲ್ಲಿಯೇ ಇರುತ್ತದೆ. ಅದಕ್ಕೆ ಹೋಗುವ, ಅದರಿಂದ ಬರುವ ವಿದ್ಯುತ್ತು ಒಂದೇ ತಂತಿಯ ಮೂಲಕ, ಒಂದೇ ಮೀಟರಿನ ಎದುರಿಗೆ ಹಾದುಹೋಗಬೇಕು. ಈಗ ಆ ಕಟ್ಟಡಗಳ ಅಂಗಳಕ್ಕೆ ವಿದ್ಯುತ್ತಿನಿಂದ ಓಡುವ ಕಾರು ಬಂದಿದೆ. ಈ ಕಾರು ಬಂದಮೇಲೆ ಹಳೆಯ ಲಕ್ಷಣವು ನಿಲ್ಲುವುದೇ, ನಿಲ್ಲದಿದ್ದರೆ ಅದನ್ನು ಹೇಗೆ ತಿದ್ದಬೇಕು ಎಂಬುದನ್ನು ವಿಚಾರ ಮಾಡುವುದೇ ಇಲ್ಲಿಯ ಉದ್ದೇಶ. ವಿಷಯವು ಎಂಜಿನಿಯರರದಾದರೂ ಪ್ರಶ್ನೆಯು ಲಕ್ಷಣದ ಪ್ರಶ್ನೆ; ಲಕ್ಷಣವನ್ನು ಪರೀಕ್ಷಿಸುವ ಅಭ್ಯಾಸವು ನಮ್ಮ ವಾಚಕರಿಗೆ ಹೊಸದೇನೂ ಅಲ್ಲ.

೨

ಈ ಲಕ್ಷಣವು ಒಂದೇ ಅಲ್ಲವೆಂಬುದನ್ನು ಮೊದಲು ಅರಿಯಬೇಕು. ಅಮೆರಿಕದ ರಾಷ್ಟ್ರೀಯ ನವೀಕರಣೀಯ ಶಕ್ತಿ ಪ್ರಯೋಗಾಲಯದ ಪಾಲ್ ಟಾರ್ಸೆಲಿನಿ ಮತ್ತು ಅವರ ಸಂಗಡಿಗರು ೨೦೦೬ರಲ್ಲಿ ಬರೆದ ಪ್ರಬಂಧವೊಂದರಲ್ಲಿ ‘ಶೂನ್ಯಶಕ್ತಿ ಕಟ್ಟಡ’ ಎಂಬ ಮಾತಿಗೆ ನಾಲ್ಕು ಅರ್ಥಗಳನ್ನು ಬಿಡಿಸಿ ತೋರಿಸಿದರು. ನಿವೇಶನದಲ್ಲಿ ಅಳೆದ ಶಕ್ತಿಯ ಲೆಕ್ಕ ಒಂದು. ಆ ಶಕ್ತಿಯನ್ನು ದೂರದ ಸ್ಥಾವರದಲ್ಲಿ ಹುಟ್ಟಿಸಿ ಸಾಗಿಸುವಾಗ ಆದ ನಷ್ಟವನ್ನೂ ಸೇರಿಸಿದ ಮೂಲಶಕ್ತಿಯ ಲೆಕ್ಕ ಎರಡು. ಹಣದ ಲೆಕ್ಕ ಮೂರು. ಹೊಗೆಯ, ಎಂದರೆ ಹೊರಬೀಳುವ ಅನಿಲಗಳ ಲೆಕ್ಕ ನಾಲ್ಕು. ಒಂದೇ ಕಟ್ಟಡವು ಒಂದು ಲೆಕ್ಕದಲ್ಲಿ ಶೂನ್ಯವಾಗಿ ಇನ್ನೊಂದರಲ್ಲಿ ಶೂನ್ಯವಾಗದೆ ಇರಬಹುದೆಂಬುದು ಅವರ ಸಿದ್ಧಾಂತ. ಒಂದು ಪದ, ನಾಲ್ಕು ಅರ್ಥ. ಕೊಳ್ಳುವವನಿಗೆ ಯಾವುದನ್ನು ಕೊಟ್ಟರೆಂಬುದು ಮಾತ್ರ ತಿಳಿಯದು.

ಈ ತೊಡಕನ್ನು ಪರಿಹರಿಸಲೆಂದು ಅಮೆರಿಕದ ಶಕ್ತಿ ಇಲಾಖೆಯು ೨೦೧೫ರಲ್ಲಿ ಸರ್ವಸಾಮಾನ್ಯವಾದ ಒಂದು ಲಕ್ಷಣವನ್ನು ಪ್ರಕಟಿಸಿತು. ಅದು ಮೂಲಶಕ್ತಿಯ ಲೆಕ್ಕವನ್ನೂ ವರ್ಷದ ಅವಧಿಯನ್ನೂ ಸ್ವೀಕರಿಸಿ, ಒಂಟಿ ಕಟ್ಟಡಕ್ಕೆ ಮಾತ್ರವಲ್ಲದೆ ವಿದ್ಯಾಲಯದ ಆವರಣಕ್ಕೂ ಇಡೀ ವಸತಿಸಮುದಾಯಕ್ಕೂ ಅನ್ವಯಿಸುವಂತೆ ವಿಸ್ತೃತವಾಗಿದೆ. ಎಲ್ಲೆಯೊಳಗೆ ಲೆಕ್ಕ ಹಿಡಿಯಬೇಕಾದ ಬಳಕೆಗಳನ್ನು ಅಲ್ಲಿ ಎಣಿಸಿಕೊಟ್ಟಿದ್ದಾರೆ: ಬೆಚ್ಚಗಾಗಿಸುವುದು, ತಂಪುಮಾಡುವುದು, ಗಾಳಿಯ ಸಂಚಾರ, ಬಿಸಿನೀರು, ಒಳಗಿನ ಮತ್ತು ಹೊರಗಿನ ದೀಪಗಳು, ಗೋಡೆಯ ಪ್ಲಗ್ಗಿಗೆ ಸೇರಿಸುವ ಉಪಕರಣಗಳು, ಲಿಫ್ಟುಗಳು, ಕಟ್ಟಡದ ಒಳಗಣ ಸಾಗಣೆಯ ಸಾಧನಗಳು. ಈ ಪಟ್ಟಿಯ ಕೊನೆಯ ಅಂಶವು ಗಮನಾರ್ಹವಾದುದು. ಮನುಷ್ಯನನ್ನು ನೆಲದಿಂದ ಎಂಟನೆಯ ಅಂತಸ್ತಿಗೆ ಏರಿಸುವ ಲಿಫ್ಟಿನ ವಿದ್ಯುತ್ತು ಕಟ್ಟಡದ ಖರ್ಚು. ಅದೇ ಮನುಷ್ಯನನ್ನು ಅದೇ ನೆಲದಿಂದ ಇಪ್ಪತ್ತು ಮೈಲಿಯಾಚೆಗೆ ಒಯ್ಯುವ ಕಾರಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಪೆಟ್ರೋಲಿನ ಕಾಲದಲ್ಲಿ ಈ ವಿಭಾಗವು ನ್ಯಾಯವಾಗಿಯೇ ಇತ್ತು, ಏಕೆಂದರೆ ಕಾರಿನ ಇಂಧನವು ಮನೆಯ ತಂತಿಯಿಂದ ಬರುತ್ತಿರಲಿಲ್ಲ. ಈಗ ಲಿಫ್ಟೂ ಕಾರೂ ಒಂದೇ ತಂತಿಯಿಂದ ಉಣ್ಣುತ್ತವೆ.

೩

ಲಕ್ಷಣಕ್ಕೆ ಮೂರು ದೋಷಗಳನ್ನು ನಮ್ಮ ತರ್ಕಶಾಸ್ತ್ರದವರು ಹೇಳಿರುವರು: ಲಕ್ಷ್ಯವಲ್ಲದುದನ್ನೂ ಒಳಗೊಳ್ಳುವುದು ಅತಿವ್ಯಾಪ್ತಿ, ಲಕ್ಷ್ಯದಲ್ಲಿ ಒಂದು ಭಾಗವನ್ನು ಬಿಟ್ಟುಬಿಡುವುದು ಅವ್ಯಾಪ್ತಿ, ಯಾವ ಲಕ್ಷ್ಯಕ್ಕೂ ಹೊಂದದಿರುವುದು ಅಸಂಭವ. ವಿದ್ಯುದ್ವಾಹನವನ್ನು ಬಡಾವಣೆಯ ಲೆಕ್ಕಕ್ಕೆ ಸೇರಿಸುವ ವಿಷಯದಲ್ಲಿ ಮೂರು ಪಕ್ಷಗಳು ಸಾಧ್ಯ. ಒಂದೊಂದು ಪಕ್ಷವೂ ಈ ದೋಷಗಳಲ್ಲಿ ಒಂದೊಂದಕ್ಕೆ ಗುರಿಯಾಗುವುದನ್ನು ತೋರಿಸಬಹುದು.

ಕಾರನ್ನು ಲೆಕ್ಕದ ಹೊರಗೇ ಬಿಡಬೇಕೆಂಬುದು ಮೊದಲನೆಯ ಪಕ್ಷ. ಸಾರಿಗೆಯ ಖರ್ಚು ಸಾರಿಗೆಯ ಖಾತೆಗೆ ಸೇರಲಿ, ಮನೆಯದು ಮನೆಯ ಖಾತೆಗಿರಲಿ ಎಂಬುದು ಇವರ ವಾದ. ತಿಂಗಳಿಗೆ ೧೫೦ ಯೂನಿಟ್ ಬಳಸುವ ಮಿತವಾದ ಮನೆಯೊಂದನ್ನು ತೆಗೆದುಕೊಳ್ಳೋಣ. ದಿನಕ್ಕೆ ೫ ಯೂನಿಟ್ ಆಯಿತು. ಒಂದು ಯೂನಿಟ್ಟಿಗೆ ೬ ಕಿಲೋಮೀಟರು ಓಡುವ ಕಾರಿನಲ್ಲಿ ಈ ಮನೆಯವರು ದಿನಕ್ಕೆ ೬೦ ಕಿಲೋಮೀಟರು ಹೋಗಿಬಂದರೆ ಕಾರಿಗೆ ೧೦ ಯೂನಿಟ್ ಬೇಕು. ಮನೆಯ ಖರ್ಚಿಗಿಂತ ಕಾರಿನ ಖರ್ಚು ಇಮ್ಮಡಿಯಾಯಿತು. ಅಗ್ಗದ ನೆಲವನ್ನು ಹುಡುಕಿ, ಬಸ್ಸೂ ಅಂಗಡಿಯೂ ಶಾಲೆಯೂ ಇಲ್ಲದ ದೂರದಲ್ಲಿ ಬಡಾವಣೆಯನ್ನು ಕಟ್ಟಿ, ವಿಶಾಲವಾದ ಮಾಡುಗಳ ಮೇಲೆ ಸೌರಫಲಕಗಳನ್ನು ಹಾಸಿದವನಿಗೆ ‘ಶೂನ್ಯ’ದ ಬಿರುದು ಸಿಕ್ಕುವುದು, ಊರ ನಡುವೆ ಒತ್ತಾಗಿ ಮನೆಗಳನ್ನು ಕಟ್ಟಿ, ನಿವಾಸಿಗಳು ನಡೆದೇ ಕೆಲಸಕ್ಕೆ ಹೋಗುವಂತೆ ಮಾಡಿದವನಿಗೆ, ಮಾಡು ಚಿಕ್ಕದೆಂಬ ಕಾರಣದಿಂದ ಅದು ತಪ್ಪುವುದು. ಶೂನ್ಯವಲ್ಲದ ಬಡಾವಣೆಯನ್ನು ಶೂನ್ಯವೆಂದು ಕರೆದುದರಿಂದ ಇದು ಅತಿವ್ಯಾಪ್ತಿ.

ಎಲ್ಲೆಯೊಳಗೆ ಚಾರ್ಜ್ ಆದುದೆಲ್ಲವನ್ನೂ ಬಡಾವಣೆಯ ಖರ್ಚೆಂದೇ ಹಿಡಿಯಬೇಕೆಂಬುದು ಎರಡನೆಯ ಪಕ್ಷ. ಇದು ಮೇಲುನೋಟಕ್ಕೆ ಪ್ರಾಮಾಣಿಕವಾದುದು. ಆದರೆ ಬಡಾವಣೆಯವರು ರಸ್ತೆಯ ಬದಿಯಲ್ಲಿ ಸಾರ್ವಜನಿಕರಿಗಾಗಿ ಒಂದು ಚಾರ್ಜಿಂಗ್ ಕೇಂದ್ರವನ್ನು ತೆರೆದರೆ, ದಾರಿಹೋಕರ ಕಾರುಗಳೂ ಆಟೋಗಳೂ ಕುಡಿದ ವಿದ್ಯುತ್ತೆಲ್ಲ ಇವರ ತಲೆಯ ಮೇಲೆ ಬೀಳುವುದು. ಅದಕ್ಕೆ ಬದಲಾಗಿ ಕೇಂದ್ರವನ್ನೇ ತೆರೆಯದೆ, ನಿವಾಸಿಗಳು ತಮ್ಮ ಕಾರುಗಳನ್ನು ಕಚೇರಿಯಲ್ಲಿಯೋ ಪಕ್ಕದ ಬೀದಿಯಲ್ಲಿಯೋ ಚಾರ್ಜ್ ಮಾಡಿಕೊಂಡು ಬಂದರೆ ಲೆಕ್ಕವು ಶುದ್ಧವಾಗಿ ಕಾಣುವುದು. ಉಪಕಾರ ಮಾಡಿದವನು ಬಿರುದನ್ನು ಕಳೆದುಕೊಳ್ಳುತ್ತಾನೆ, ಜಾಣನು ಉಳಿಸಿಕೊಳ್ಳುತ್ತಾನೆ. ಲಕ್ಷ್ಯವಾದುದನ್ನೇ ಹೊರದೂಡುವ ಈ ಪಕ್ಷವು ಅವ್ಯಾಪ್ತಿಗೆ ಗುರಿಯಾಗುತ್ತದೆ.

ವರ್ಷದ ಲೆಕ್ಕವನ್ನೇ ಕೈಬಿಟ್ಟು, ಗಂಟೆಗಂಟೆಗೂ ಉತ್ಪತ್ತಿ ಮತ್ತು ವೆಚ್ಚಗಳು ಸರಿದೂಗಬೇಕೆಂಬುದು ಮೂರನೆಯ ಪಕ್ಷ. ಸೂರ್ಯನನ್ನೇ ನಂಬಿದ ಬಡಾವಣೆಗೆ ಇದು ರಾತ್ರಿಯೆಲ್ಲ ಸಾಲುವಷ್ಟು ಬ್ಯಾಟರಿಗಳನ್ನು ಮಾತ್ರವಲ್ಲ, ಮಳೆಗಾಲದ ಮೋಡದ ವಾರಗಳಿಗೆ ಸಾಲುವಷ್ಟು ಬ್ಯಾಟರಿಗಳನ್ನೂ ವಿಧಿಸುತ್ತದೆ. ನೂರು ಬಡಾವಣೆಗಳ ಏರಿಳಿತಗಳನ್ನು ಒಂದಕ್ಕೊಂದು ಕೂಡಿಸಿ ಸಮಮಾಡುವುದಕ್ಕಾಗಿಯೇ ವಿದ್ಯುಜ್ಜಾಲವಿರುವಾಗ, ಪ್ರತಿಯೊಂದು ಬಡಾವಣೆಯೂ ದ್ವೀಪದಂತೆ ಬದುಕಬೇಕೆನ್ನುವುದು ದುಂದುವೆಚ್ಚದ ಮಾತು. ವ್ಯವಹಾರದಲ್ಲಿ ಯಾವ ಲಕ್ಷ್ಯವೂ ಸಿಕ್ಕದುದರಿಂದ ಇದು ಅಸಂಭವಕ್ಕೆ ಸಮೀಪವಾದುದು.

ಈ ಮೂರು ದೋಷಗಳಿಗೂ ಮೂಲವೊಂದೇ. ಕಾರು ಒಂದು ಹೊರೆ ಮಾತ್ರವಲ್ಲ. ಅದು ವಿದ್ಯುತ್ತನ್ನು ಬಳಸುತ್ತದೆ, ಬ್ಯಾಟರಿಯಲ್ಲಿ ಕೂಡಿಡುತ್ತದೆ, ಕೂಡಿಟ್ಟುದನ್ನು ಎಲ್ಲೆಯಾಚೆಗೂ ಎಲ್ಲೆಯೀಚೆಗೂ ಹೊತ್ತು ತಿರುಗುತ್ತದೆ. ಹಗಲು ಕಚೇರಿಯ ಬಿಸಿಲಿನಲ್ಲಿ ತುಂಬಿಕೊಂಡ ಕಾರು ಸಂಜೆ ಮನೆಗೆ ಬಂದು ಮನೆಯ ದೀಪಗಳಿಗೆ ವಿದ್ಯುತ್ತನ್ನು ಕೊಟ್ಟರೆ, ಒಂದು ಬಡಾವಣೆಯ ಉತ್ಪತ್ತಿಯು ಎಲ್ಲೆಯ ಮೀಟರಿಗೆ ಕಾಣದೆ, ತಂತಿಯಿಂದಲ್ಲ, ಚಕ್ರದ ಮೇಲೆ, ಇನ್ನೊಂದು ಬಡಾವಣೆಯೊಳಕ್ಕೆ ಬಂದಂತಾಯಿತು. ಎಲ್ಲೆಯಲ್ಲಿ ಅಳೆಯುವೆನೆಂಬ ಲಕ್ಷಣಕ್ಕೆ ಇದಕ್ಕಿಂತ ದೊಡ್ಡ ಆಕ್ಷೇಪಣೆ ಬೇಕಾಗಿಲ್ಲ.

೪

ಈ ವಿಚಾರವು ಬರಿಯ ತರ್ಕವಲ್ಲವೆಂಬುದಕ್ಕೆ ಲಂಡನ್ನಿನ ದಕ್ಷಿಣಕ್ಕೆ ಸಟನ್ ಪ್ರಾಂತದಲ್ಲಿರುವ ಬೆಡ್‌ಜೆಡ್ ಬಡಾವಣೆಯು ಸಾಕ್ಷಿ. ಬೆಡ್ಡಿಂಗ್‌ಟನ್ ಶೂನ್ಯಶಕ್ತಿ ಬಡಾವಣೆಯೆಂಬುದೇ ಆ ಹೆಸರಿನ ಅರ್ಥ. ಶಿಲ್ಪಿ ಬಿಲ್ ಡನ್‌ಸ್ಟರರ ಯೋಜನೆಯಂತೆ, ಪೀಬಾಡಿ ಟ್ರಸ್ಟಿನವರೂ ಬಯೋರೀಜನಲ್ ಸಂಸ್ಥೆಯವರೂ ಸೇರಿ ಕಟ್ಟಿಸಿ ೨೦೦೨ರಲ್ಲಿ ಮುಗಿಸಿದ, ಸುಮಾರು ನೂರು ಮನೆಗಳ ಸಮುದಾಯವಿದು. ಇದರ ಯೋಜಕರಿಗೆ ಸಲ್ಲಬೇಕಾದ ಪ್ರಶಂಸೆಯನ್ನು ಮೊದಲು ಸಲ್ಲಿಸಬೇಕು: ಹದಿಮೂರು ವರ್ಷಗಳ ತರುವಾಯ ಅಮೆರಿಕದಲ್ಲಿ ಸಿದ್ಧವಾದ ಪಟ್ಟಿಯು ಹೆಸರಿಸದ ಕಾರನ್ನು ಅವರು ಮೊದಲಿನಿಂದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅಲ್ಲಿ ಅಳವಡಿಸಿದ ೭೭೭ ಚದರ ಮೀಟರಿನ, ೧೦೯ ಕಿಲೋವಾಟ್ ಶಿಖರಬಲದ ಸೌರಫಲಕಗಳು ಮನೆಗಳ ದೀಪಕ್ಕಾಗಿ ಉದ್ದೇಶಿಸಿದುವಾಗಿರದೆ, ೪೦ ವಿದ್ಯುತ್ ಕಾರುಗಳನ್ನು ಓಡಿಸುವುದಕ್ಕಾಗಿ ಎಣಿಸಿದುವಾಗಿದ್ದುವು. ಮನೆಗಳಿಗೆ ಬೇಕಾದ ವಿದ್ಯುತ್ತೂ ಬಿಸಿನೀರೂ ಮರದ ಚೂರುಗಳನ್ನು ಉರಿಸುವ ಯಂತ್ರದಿಂದ ಬರಬೇಕಾಗಿತ್ತು.

ಎಣಿಕೆಯಲ್ಲಿ ತಪ್ಪಿರಲಿಲ್ಲ. ಲಂಡನ್ನಿನ ಬಿಸಿಲಿನಲ್ಲಿ ಒಂದು ಕಿಲೋವಾಟಿನ ಫಲಕವು ವರ್ಷಕ್ಕೆ ಸುಮಾರು ೯೦೦ ಯೂನಿಟ್ ಕೊಡುವುದೆಂದು ಹಿಡಿದರೆ ೧೦೯ ಕಿಲೋವಾಟಿಗೆ ಒಂದು ಲಕ್ಷ ಯೂನಿಟ್ಟಿಗೆ ತುಸು ಕಡಮೆಯಾಗುವುದು. ೪೦ ಕಾರುಗಳಿಗೆ ಹಂಚಿದರೆ ಒಂದೊಂದಕ್ಕೂ ವರ್ಷಕ್ಕೆ ೨,೪೦೦ ಯೂನಿಟ್ಟಿಗೆ ಮೇಲ್ಪಟ್ಟು ಬರುವುದು. ಅದರಿಂದ ೧೪,೦೦೦ ಕಿಲೋಮೀಟರು ಓಡಬಹುದು. ಸಂಸಾರವಂತನಿಗೆ ಸಾಕಾದ ದೂರವೇ ಸರಿ. ಆದರೆ ಕಾರುಗಳು ಬರಲಿಲ್ಲ. ಚಾರ್ಜ್ ಮಾಡುವ ಸ್ಥಳಗಳಿದ್ದುವು, ಫಲಕಗಳಿದ್ದುವು. ಕೊಳ್ಳಲು ತಕ್ಕ ವಾಹನಗಳು ಆ ಕಾಲದ ಪೇಟೆಯಲ್ಲಿ ತೀರ ವಿರಳವಾಗಿದ್ದುವು. ಬೆಂಗಳೂರಿನಲ್ಲಿ ೨೦೦೧ರಲ್ಲಿ ಮಾರಾಟಕ್ಕೆ ಬಂದ ‘ರೇವಾ’ ಎಂಬ ಪುಟ್ಟ ಕಾರು ‘ಜಿ-ವಿಜ್’ ಎಂಬ ಹೆಸರಿನಿಂದ ಲಂಡನ್ನನ್ನು ಸೇರಿದುದು ೨೦೦೪ರಲ್ಲಿ; ನಮ್ಮ ಊರಿನ ಕಾರು ಆ ನಗರದ ಬೀದಿಗಳಲ್ಲಿ ಪರಿಚಿತವಾಯಿತಾದರೂ ಬೆಡ್‌ಜೆಡ್ಡಿನ ಯೋಜಕರು ನೆನೆದ ಪ್ರಮಾಣದ ಬದಲಾವಣೆಯು ಆಗ ಆಗಲಿಲ್ಲ. ಮರ ಉರಿಸುವ ಯಂತ್ರವೂ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಕಾರಿಗೆಂದು ಮೀಸಲಾದ ಸೌರವಿದ್ಯುತ್ತು ಕಟ್ಟಡಗಳಿಗೂ ವಿದ್ಯುಜ್ಜಾಲಕ್ಕೂ ಹೋಯಿತು.

ಇದನ್ನು ಸೋಲೆಂದು ಬರೆದುಬಿಡುವ ವಿಮರ್ಶಕರುಂಟು. ಅದು ಅವಸರದ ತೀರ್ಪು. ಯೋಜಕರ ಲಕ್ಷಣವು ಸರಿಯಾಗಿತ್ತು. ಅವರು ಮನುಷ್ಯರ ಆಯ್ಕೆಯನ್ನು ಯಂತ್ರದ ಪರಿಮಾಣದಂತೆ ಎಣಿಸಿದರು, ಅಷ್ಟೆ. ಅಲ್ಲದೆ ವರ್ಷದ ಮೊತ್ತವು ಇನ್ನೊಂದು ಸಂಗತಿಯನ್ನು ಮುಚ್ಚಿತ್ತು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ೧೬ ಗಂಟೆಗೆ ಮೇಲ್ಪಟ್ಟಿದ್ದರೆ ಡಿಸೆಂಬರಿನ ಹಗಲು ೮ ಗಂಟೆಯನ್ನೂ ಮುಟ್ಟದು. ಕಾರಿನ ಓಟವೋ ಎರಡು ತಿಂಗಳುಗಳಲ್ಲೂ ಹೆಚ್ಚು ಕಡಮೆ ಒಂದೇ. ಚಳಿಯಲ್ಲಿ ಬ್ಯಾಟರಿಗೆ ಇನ್ನೂ ಹೆಚ್ಚು ವಿದ್ಯುತ್ತು ಬೇಕು. ೪೦ ಕಾರುಗಳೂ ಬಂದಿದ್ದರೂ ಡಿಸೆಂಬರಿನಲ್ಲಿ ಅವು ಬಿಸಿಲಿನಿಂದಲ್ಲ, ಊರಿನ ತಂತಿಯಿಂದಲೇ ಓಡಬೇಕಾಗುತ್ತಿತ್ತು. ವರ್ಷದ ಲೆಕ್ಕವು ಮಾತ್ರ ಶೂನ್ಯವೆಂದೇ ಹೇಳುತ್ತಿತ್ತು.

೫

ತಿಂಗಳಿಗೆ ಹೇಳಿದ ಮಾತು ಗಂಟೆಗೂ ಸಲ್ಲುವುದು. ನೂರು ಮನೆ, ನೂರು ಕಾರುಗಳ ಬಡಾವಣೆಯೊಂದನ್ನು ಕಲ್ಪಿಸಿಕೊಳ್ಳೋಣ. ಒಂದೊಂದು ಕಾರೂ ದಿನಕ್ಕೆ ೩೦ ಕಿಲೋಮೀಟರು ಓಡಿ ೫ ಯೂನಿಟ್ ಬೇಡಿದರೆ ಒಟ್ಟು ೫೦೦ ಯೂನಿಟ್. ಎಲ್ಲರೂ ಸಂಜೆ ಏಳು ಗಂಟೆಗೆ ಮನೆಗೆ ಬಂದು ೭ ಕಿಲೋವಾಟಿನ ಚಾರ್ಜರಿಗೆ ಕಾರನ್ನು ಸೇರಿಸಿದರೆ ಆ ಕ್ಷಣದ ಹೊರೆ ೭೦೦ ಕಿಲೋವಾಟ್. ಮುಕ್ಕಾಲು ಗಂಟೆಯೊಳಗೆ ಕೆಲಸ ಮುಗಿದು ಹೊರೆಯು ಇಳಿದುಹೋಗುವುದು. ಅದೇ ೫೦೦ ಯೂನಿಟ್ಟನ್ನು ರಾತ್ರಿಯ ಎಂಟು ಗಂಟೆಗಳಿಗೆ ಹಂಚಿದರೆ ಹೊರೆ ೬೩ ಕಿಲೋವಾಟನ್ನು ಮೀರದು. ಎಲ್ಲರೂ ಒಂದೇ ನಿಮಿಷಕ್ಕೆ ಬರುವುದಿಲ್ಲವೆಂಬುದು ನಿಜ. ಹಾಗಿದ್ದರೂ ನಮ್ಮ ಬೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ೧೦೦ ಅಥವಾ ೨೫೦ ಕೆ.ವಿ.ಎ. ಟ್ರಾನ್ಸ್‌ಫಾರ್ಮರಿಗೆ ಈ ಎರಡು ಸಂಖ್ಯೆಗಳ ನಡುವಣ ಅಂತರವು ಏನನ್ನು ಹೇಳುವುದೆಂಬುದು ಸ್ಪಷ್ಟ. ವರ್ಷದ ಲೆಕ್ಕದಲ್ಲಿ ಈ ಎರಡು ಬಡಾವಣೆಗಳಿಗೂ ಭೇದವಿಲ್ಲ. ಒಂದಕ್ಕೆ ಹೊಸ ಟ್ರಾನ್ಸ್‌ಫಾರ್ಮರು ಬೇಕು, ಇನ್ನೊಂದಕ್ಕೆ ಬೇಡ. ಆ ಟ್ರಾನ್ಸ್‌ಫಾರ್ಮರಿನ ಬೆಲೆಯು ದರದ ಮೂಲಕ ಹಂಚಿಹೋಗಿ, ಕಾರೂ ಇಲ್ಲದ, ಕಾರು ನಿಲ್ಲಿಸುವ ಜಾಗವೂ ಇಲ್ಲದ ಬಾಡಿಗೆದಾರನ ಬಿಲ್ಲಿನಲ್ಲಿಯೂ ಸೇರುವುದು. ಲಕ್ಷಣದ ಸಡಿಲಿಕೆಗೆ ಬೆಲೆ ತೆರುವವರು ಯಾರೆಂಬುದು ಇಲ್ಲಿ ಕಾಣಬರುತ್ತದೆ.

ಕಾರಿನ ಬ್ಯಾಟರಿಯೇ ಈ ರೋಗಕ್ಕೆ ಮದ್ದೆಂದು ಹೇಳುವವರುಂಟು. ಹಗಲು ತುಂಬಿಕೊಂಡು ಸಂಜೆ ಹಿಂದಕ್ಕೆ ಕೊಡುವ ಚಾರ್ಜರುಗಳು ಇಂದು ಕಲ್ಪನೆಯಾಗಿ ಉಳಿದಿಲ್ಲ. ನೆದರ್ಲೆಂಡ್ಸಿನ ಉಟ್ರೆಖ್ಟ್ ನಗರದ ಲೊಂಬೊಕ್ ಬಡಾವಣೆಯಲ್ಲಿ ರಾಬಿನ್ ಬರ್ಗ್ ಎಂಬವರ ‘ವಿ ಡ್ರೈವ್ ಸೋಲಾರ್’ ಸಂಸ್ಥೆಯು ಮಾಡಿನ ಸೌರಫಲಕಗಳನ್ನೂ ಬೀದಿಯ ಹಂಚಿಕೆಯ ಕಾರುಗಳನ್ನೂ ಜೋಡಿಸುವ ಪ್ರಯೋಗವನ್ನು ನಡೆಸಿತು. ೨೦೧೯ರ ಮಾರ್ಚಿಯಲ್ಲಿ ಅಲ್ಲಿಯ ದೊರೆ ವಿಲೆಮ್ ಅಲೆಕ್ಸಾಂಡರರು ಇಂತಹ ಎರಡುದಿಕ್ಕಿನ ಚಾರ್ಜಿಂಗಿಗೆ ಚಾಲನೆ ಕೊಟ್ಟರು. ಈ ಪ್ರಯೋಗದ ಸಾರವು ಚಾರ್ಜರಿನಲ್ಲಿರುವಷ್ಟೇ ಹಂಚಿಕೆಯಲ್ಲಿಯೂ ಇದೆ. ಒಬ್ಬನ ಸ್ವಂತ ಕಾರು ಬಿಸಿಲು ಹೆಚ್ಚಿರುವ ಮಧ್ಯಾಹ್ನದಲ್ಲಿ ಕಚೇರಿಯ ಮುಂದೆ ನಿಂತಿರುತ್ತದೆ, ಮನೆಯ ಮಾಡು ಕೊಡುವ ವಿದ್ಯುತ್ತನ್ನು ತುಂಬಿಕೊಳ್ಳಲು ಅದು ಮನೆಯಲ್ಲಿರುವುದಿಲ್ಲ. ಹಲವರು ಹಂಚಿಕೊಂಡ ಕಾರುಗಳಲ್ಲಿ ಕೆಲವಾದರೂ ಬಡಾವಣೆಯಲ್ಲಿಯೇ ಇರುತ್ತವೆ. ಯಾವುದು ಎಷ್ಟು ಹೊತ್ತಿಗೆ ಬೇಕೆಂಬುದು ಮುಂಗಡವಾಗಿ ತಿಳಿದಿರುತ್ತದೆ. ಇಷ್ಟಾದರೂ ವಿದ್ಯುತ್ತು ಬ್ಯಾಟರಿಗೆ ಹೋಗಿ ಮರಳುವಾಗ ಹತ್ತರಲ್ಲೊಂದು ಪಾಲಿಗೆ ಕಡಮೆಯಿಲ್ಲದಷ್ಟು ನಷ್ಟವಾಗುತ್ತದೆಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಅಗ್ಗವಾದ ಉಪಾಯವು ಹಿಂದಕ್ಕೆ ಕೊಡುವುದಲ್ಲ. ತುಂಬುವ ಹೊತ್ತನ್ನು ಆರಿಸಿಕೊಳ್ಳುವುದು.

೬

ನಮ್ಮ ದೇಶದ ನಿಯಮಗಳಲ್ಲಿ ಈ ವಿವೇಕದ ಬೀಜಗಳಿವೆ, ಆದರೆ ಅವು ಬೇರೆಬೇರೆ ಪಾತಿಗಳಲ್ಲಿ ಬಿದ್ದಿವೆ. ಕರ್ನಾಟಕವು ೨೦೧೭ರಲ್ಲಿ ವಿದ್ಯುದ್ವಾಹನ ಮತ್ತು ಶಕ್ತಿಸಂಗ್ರಹದ ನೀತಿಯನ್ನು ದೇಶದಲ್ಲಿ ಎಲ್ಲಕ್ಕೂ ಮೊದಲು ಪ್ರಕಟಿಸಿತು. ವಾಹನವನ್ನೂ ಸಂಗ್ರಹವನ್ನೂ ಒಂದೇ ಶೀರ್ಷಿಕೆಯಲ್ಲಿ ಕೂಡಿಸಿದುದು ದೂರದೃಷ್ಟಿಯ ಕೆಲಸ. ಕೇಂದ್ರ ಸರ್ಕಾರದ ಮಾದರಿ ಕಟ್ಟಡ ಉಪವಿಧಿಗಳು ೨೦೧೯ರಲ್ಲಿ ತಿದ್ದುಪಡಿಯಾಗಿ, ವಾಹನ ನಿಲ್ಲಿಸುವ ಸ್ಥಳದ ನೂರಕ್ಕೆ ೨೦ರಷ್ಟು ಭಾಗಕ್ಕೆ ಚಾರ್ಜಿಂಗ್ ಸೌಕರ್ಯವಿರಬೇಕೆಂದು ಸೂಚಿಸಿದುವು. ೨೦೨೩ರ ವಿದ್ಯುತ್ ಗ್ರಾಹಕರ ಹಕ್ಕುಗಳ ತಿದ್ದುಪಡಿಯು, ಬಿಸಿಲಿರುವ ಗಂಟೆಗಳಲ್ಲಿ ದರವು ಸಾಮಾನ್ಯ ದರಕ್ಕಿಂತ ನೂರಕ್ಕೆ ೨೦ರಷ್ಟಾದರೂ ಕಡಮೆಯಿರಬೇಕೆಂದೂ, ಹೊರೆ ಹೆಚ್ಚಿರುವ ಗಂಟೆಗಳಲ್ಲಿ ಹೆಚ್ಚಿರಬೇಕೆಂದೂ ವಿಧಿಸಿತು. ಮೊದಲನೆಯದು ಸ್ಥಳವನ್ನು ಎಣಿಸಿತು, ಎರಡನೆಯದು ಕಾಲವನ್ನು ಎಣಿಸಿತು. ಬಡಾವಣೆಯ ಬಿರುದನ್ನು ಕೊಡುವವರು ಎರಡನ್ನೂ ಕೂಡಿಸಿ ನೋಡಬೇಕಾಗಿದೆ.

ಇನ್ನು ಪದದ ವಿಷಯ. ‘ನಿವ್ವಳ’ವು ಲೆಕ್ಕಪತ್ರಗಳಿಂದ ನಮಗೆ ಪರಿಚಿತವಾದ ಮಾತು. ‘ಶೂನ್ಯ’ಕ್ಕಾದರೋ ಕನ್ನಡದಲ್ಲಿ ಲೆಕ್ಕಕ್ಕಿಂತ ದೊಡ್ಡ ಬಾಳಿದೆ. ‘ಶೂನ್ಯಸಂಪಾದನೆ’ ಎಂಬ ಗ್ರಂಥದ ಹೆಸರನ್ನು ಕೇಳಿದವನು ಶೂನ್ಯವೆಂದರೆ ಇಲ್ಲದಿರುವುದೆಂದು ಭಾವಿಸುವುದಿಲ್ಲ. ಸಂಪಾದಿಸಿಕೊಳ್ಳಬೇಕಾದ ಪೂರ್ಣತೆಯೆಂದು ಭಾವಿಸುತ್ತಾನೆ. ಸಾಮಾನ್ಯನಿಗೋ ‘ಶೂನ್ಯಶಕ್ತಿಯ ಮನೆ’ ಎಂದರೆ ವಿದ್ಯುತ್ತನ್ನೇ ಬಳಸದ ಮನೆಯೆಂದು ತೋರುವುದು. ಲೆಕ್ಕಿಗನ ಶೂನ್ಯವು ಈ ಎರಡೂ ಅಲ್ಲ. ಅದು ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸ. ಆ ದೊಡ್ಡ ಸಂಖ್ಯೆಗಳನ್ನು ಮರೆಸಿ ವ್ಯತ್ಯಾಸವೊಂದನ್ನೇ ತೋರಿಸುವುದರಲ್ಲಿಯೇ ಪದದ ಮೋಸವಿದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನಂತಹ ಗಣಿತಜ್ಞನೂ ಶೂನ್ಯದಿಂದ ಭಾಗಿಸಿದ ಸಂಖ್ಯೆ ಮಾರ್ಪಡದೆ ಉಳಿಯುವುದೆಂದು ಬರೆದಿರುವನು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಅದನ್ನು ಅನಂತವೆಂದನು. ಅಂತಹವರೇ ಎಡವಿದ ಸ್ಥಳದಲ್ಲಿ ನಾವು ಮೆಲ್ಲಗೆ ಹೆಜ್ಜೆಯಿಡುವುದು ಲೇಸು.

ಹಾಗಾದರೆ ಈ ಪದವನ್ನು ಬಿಟ್ಟುಬಿಡಬೇಕೆ? ಬೇಕಾಗಿಲ್ಲ. ವಿಶೇಷಣಗಳಿಲ್ಲದೆ ಅದನ್ನು ಬಳಸಬಾರದು, ಇಷ್ಟೇ. ದೇಶ, ಕಾಲ, ಮಾನ ಎಂಬ ಮೂರನ್ನೂ ಹೇಳಿದಮೇಲೆಯೇ ‘ಶೂನ್ಯ’ವೆಂಬ ಮಾತು ಪೂರ್ಣಾರ್ಥವನ್ನು ಪಡೆಯುವುದು. ದೇಶವೆಂದರೆ ಎಲ್ಲೆ, ಕಾರಿನ ವಿಷಯದಲ್ಲಿ ಅದನ್ನು ನೆಲದಿಂದಲ್ಲ, ನಿವಾಸಿಯಿಂದ ಗುರುತಿಸಬೇಕು. ಬಡಾವಣೆಯವರ ಕಾರು ಎಲ್ಲಿ ಚಾರ್ಜ್ ಆದರೂ ಆ ಖರ್ಚು ಬಡಾವಣೆಯದು. ದಾರಿಹೋಕನ ಕಾರು ಇಲ್ಲಿ ಚಾರ್ಜ್ ಆದರೆ ಅದು ಹೊರಗೆ ಕೊಟ್ಟ ವಿದ್ಯುತ್ತು. ಹೀಗೆ ಮಾಡಿದರೆ ಮೇಲೆ ಹೇಳಿದ ಅತಿವ್ಯಾಪ್ತಿಯೂ ಅವ್ಯಾಪ್ತಿಯೂ ಒಟ್ಟಿಗೆ ಪರಿಹಾರವಾಗುವುವು. ಇದಕ್ಕೆ ಓಡಿದ ದೂರದ ಲೆಕ್ಕ ಬೇಕು. ಅದು ಪ್ರತಿಯೊಂದು ಕಾರಿನ ಮುಂಭಾಗದಲ್ಲಿಯೇ ಬರೆದಿರುತ್ತದೆ. ಕಾಲದ ವಿಷಯದಲ್ಲಿ ಗಂಟೆಗಂಟೆಗೂ ಶೂನ್ಯವಾಗಬೇಕೆಂದು ವಿಧಿಸುವುದು ಅಸಂಭವವಾದರೂ, ಗಂಟೆಗಂಟೆಯ ಲೆಕ್ಕವನ್ನು ಪ್ರಕಟಿಸಬೇಕೆಂದು ವಿಧಿಸುವುದು ಸುಲಭಸಾಧ್ಯ: ವರ್ಷದ ಮೊತ್ತದ ಪಕ್ಕದಲ್ಲಿ ಅತಿ ಹೆಚ್ಚಿನ ಹೊರೆಯ ಗಂಟೆ ಯಾವುದು, ಆಗ ಎಷ್ಟನ್ನು ಹೊರಗಿನಿಂದ ತಂದರು ಎಂಬ ಎರಡು ಸಂಖ್ಯೆಗಳು ಸಾಕು. ಮಾನವೆಂದರೆ ೨೦೦೬ರ ಪ್ರಬಂಧವು ಬಿಡಿಸಿದ ನಾಲ್ಕರಲ್ಲಿ ಯಾವುದೆಂಬುದು.

‘ನಿವಾಸಿಗಳ ವಾಹನಗಳನ್ನು ಸೇರಿಸಿ, ವರ್ಷದ ಅವಧಿಗೆ, ನಿವೇಶನದ ಅಳತೆಯಲ್ಲಿ ಶೂನ್ಯ, ಸಂಜೆ ಏಳರ ಗಂಟೆಯಲ್ಲಿ ಹೊರಗಿನಿಂದ ಇಷ್ಟು’ ಎಂದು ಬಡಾವಣೆಯೊಂದರ ಫಲಕದ ಮೇಲೆ ಬರೆದರೆ ಮಾರುವವನಿಗೆ ಅದು ಉದ್ದವಾಗಿ ತೋರಬಹುದು. ಮೂವತ್ತು ವರ್ಷಗಳ ಸಾಲಕ್ಕೆ ಕೈಹಾಕಿ ಮನೆಯನ್ನು ಕೊಳ್ಳುವವನಿಗೂ, ಪಕ್ಕದ ಬೀದಿಯಲ್ಲಿ ಅದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಬಾಳುವವನಿಗೂ ಅದು ಉದ್ದವಾಗಿ ತೋರದು. ಇಂತಹ ವಾಕ್ಯಗಳನ್ನು ಕನ್ನಡದಲ್ಲಿ ನಿರ್ದುಷ್ಟವಾಗಿ ರಚಿಸಿಕೊಡುವ ಕೆಲಸವು ಎಂಜಿನಿಯರರೊಬ್ಬರಿಂದಲೇ ಆಗತಕ್ಕದ್ದಲ್ಲ. ಭಾಷೆಯನ್ನು ಕಲಿಸುವವರೂ ಅದಕ್ಕೆ ಕೈಗೂಡಿಸಬೇಕಾಗಿದೆ.